ನಿಮಗಿದು ಗೊತ್ತೆ? ಕಿವಿ ಕೇಳದ ಮಾತುಗಾರ

ಮಾತಿನ ಟೈಮಿಂಗ್‌ಗೆ ಹೆಸರಾಗಿದ್ದ ನಟ ಟಿ.ಎನ್. ಬಾಲಕೃಷ್ಣ ಅವರಿಗೆ ಕಿವಿ ಸರಿಯಾಗಿ ಕೇಳಿಸುತ್ತಲೇ ಇರಲಿಲ್ಲ! ಎದುರು ನಟನ ತುಟಿಯ ಚಲನೆ ನೋಡಿಯೇ ತಮ್ಮ ಸರದಿ ಬಂತೆಂದು ಗುರುತಿಸಿ ಸಂಭಾಷಣೆ ಹೇಳುತ್ತಿದ್ದರು. ತೆರೆಯ ಮೇಲೆ ನೋಡಿದರೆ ಇದು ಗೊತ್ತಾಗುವುದೇ ಇಲ್ಲ. ಕಿವಿ ಚೆನ್ನಾಗಿರುವ ಎಷ್ಟೋ ನಟರಿಗೂ ಆ ಹದ ಸಿಕ್ಕಿಲ್ಲ, ಬಿಡಿ.

ಅರಸೀಕೆರೆಯ ಈ ಕಲಾವಿದ ನಾಟಕದಿಂದ ಸಿನಿಮಾಕ್ಕೆ ಬಂದವರು. ‘ಬಾಲಣ್ಣ’ ಎಂದೇ ಎಲ್ಲರಿಗೂ ಪರಿಚಿತರು. ಕುಹಕಿ, ಜಿಪುಣ, ಹಾಸ್ಯಗಾರ ಎಲ್ಲವೂ ಆದರು. 1972ರ ‘ಬಂಗಾರದ ಮನುಷ್ಯ’ದಲ್ಲಿ ಕಥಾನಾಯಕ ರಾಜೀವನ ಬೆನ್ನಿಗೆ ನಿಲ್ಲುವ ರಾಚೂಟಪ್ಪನಾಗಿ ಕಣ್ಣು ಒದ್ದೆ ಮಾಡಿಸಿದರು.

1960ರ ‘ರಣಧೀರ ಕಂಠೀರವ’ದ ನಿರ್ಮಾಣದಲ್ಲಿ ರಾಜ್‌ಕುಮಾರ್, ನರಸಿಂಹರಾಜು, ಜಿ.ವಿ. ಅಯ್ಯರ್ ಜತೆ ಬಾಲಣ್ಣನೂ ಇದ್ದರು. ಮದರಾಸಿನ ಸ್ಟುಡಿಯೋಗಳಿಗೆ ಅಲೆಯುವುದು ತಪ್ಪಲಿ ಎಂದು ಬೆಂಗಳೂರಿನ ಹೊರವಲಯದಲ್ಲಿ, ಸರ್ಕಾರ ಕೊಟ್ಟ 20 ಎಕರೆಯಲ್ಲಿ ‘ಅಭಿಮಾನ್ ಸ್ಟುಡಿಯೋ’ ಕಟ್ಟಿದರು. ಅದಕ್ಕಾಗಿ ಸಾಲದ ಹೊರೆಯನ್ನೂ ಹೊತ್ತರು. 1995ರಲ್ಲಿ ತೀರಿಕೊಂಡರು. ನಟ ವಿಷ್ಣುವರ್ಧನ್ ಅವರ ಅಂತ್ಯಕ್ರಿಯೆ 2009ರಲ್ಲಿ ನಡೆದದ್ದು ಇದೇ ಸ್ಟುಡಿಯೋ ಆವರಣದಲ್ಲಿ.