ತಿಳಿನೀರಿನೊಳಗಿನ ನೈಟ್ರೇಟ್

ಈ ಲೋಟದ ನೀರು ನೋಡಿ. ಬಣ್ಣವಿಲ್ಲ, ವಾಸನೆಯಿಲ್ಲ. ಆದರೂ ಇದರಲ್ಲಿ ನೈಟ್ರೇಟ್ ಮಿತಿ ಮೀರಿರಬಹುದು.

ಶ್ರೀಲಂಕಾದ ಜಾಫ್ನಾಕ್ಕೆ ಹೋಗೋಣ. ಸುತ್ತ ಸಮುದ್ರ, ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲ. ಕುಡಿಯುವುದಕ್ಕೂ ಬೆಳೆಗೂ ಬಾವಿಯೇ ಆಧಾರ. ನೆಲದಡಿ ಬಿರುಕುಬಿಟ್ಟ ಸುಣ್ಣಕಲ್ಲು. ಅದರೊಳಗೆ ಉಪ್ಪುನೀರಿನ ಮೇಲೆ ತೇಲುವ ಸಿಹಿನೀರಿನ ತೆಳು ಪದರ. ಈರುಳ್ಳಿ, ಮೆಣಸಿನಕಾಯಿ ಹೊಲಕ್ಕೆ ಹಾಕಿದ ಯೂರಿಯಾದಲ್ಲಿ ಗಿಡ ಹೀರದೆ ಉಳಿದದ್ದು ಮಣ್ಣಿನಲ್ಲಿ ನೈಟ್ರೇಟ್ ಆಗುತ್ತದೆ. ಜೊತೆಗೆ ಶೌಚಗುಂಡಿಯ ಕೊಳೆ. ಎರಡೂ ನೀರಿನೊಂದಿಗೆ ಬಿರುಕುಗಳಲ್ಲಿಳಿದು ಬಾವಿ ಸೇರುತ್ತವೆ.

ಅಪಾಯ ಯಾರಿಗೆ? ಮೊದಲು ಹಸುಗೂಸುಗಳಿಗೆ. ಆ ನೀರಿನಲ್ಲಿ ಹಾಲಿನ ಪುಡಿ ಕಲಸಿ ಕುಡಿಸಿದಾಗ, ನೈಟ್ರೇಟ್ ಮಗುವಿನ ಹೊಟ್ಟೆಯಲ್ಲಿ ನೈಟ್ರೈಟ್ ಆಗುತ್ತದೆ. ಈ ನೈಟ್ರೈಟ್ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕ ಹೊರಲಾರದಂತೆ ಮಾಡುತ್ತದೆ. ತುಟಿ, ಉಗುರು ನೀಲಿಗಟ್ಟುತ್ತವೆ. ಪ್ರಾಣಕ್ಕೂ ಕುತ್ತು ಬರಬಹುದು. ಅಮೆರಿಕದ ಅಯೋವಾದಲ್ಲಿ ಹಂಟರ್ ಕಾಮ್ಲಿ ಎಂಬ ವೈದ್ಯರು 1945ರಲ್ಲೇ ಇದರ ಮೂಲ ಬಾವಿನೀರು ಎಂದು ತೋರಿಸಿದ್ದರು.

ದೊಡ್ಡವರೂ ಇಂಥ ನೀರನ್ನು ವರ್ಷಗಟ್ಟಲೆ ಕುಡಿದರೆ ಥೈರಾಯ್ಡ್ ತೊಂದರೆ, ಕರುಳಿನ ಕ್ಯಾನ್ಸರ್‌ಗೆ ನಂಟಿರಬಹುದು ಎನ್ನುತ್ತವೆ ಅಧ್ಯಯನಗಳು.

ಕುದಿಸಿದರೆ ಸಾಕಲ್ಲವೇ? ಸಾಲದು. ನೀರು ಆವಿಯಾಗುತ್ತದೆ, ನೈಟ್ರೇಟ್ ಉಳಿದ ನೀರಿನಲ್ಲೇ ಇದ್ದು ಇನ್ನಷ್ಟು ಸಾಂದ್ರವಾಗುತ್ತದೆ. ಬಟ್ಟೆಯಲ್ಲಿ ಸೋಸಿದರೂ ಹೋಗದು. ಸುಸ್ಥಿತಿಯಲ್ಲಿರುವ ಆರ್‌ಓ ಯಂತ್ರ ಬಹುಪಾಲು ತೆಗೆಯಬಲ್ಲದು.

ಭಾರತದಲ್ಲಿ ಕುಡಿಯುವ ನೀರಿನ ನೈಟ್ರೇಟ್ ಮಿತಿ ಲೀಟರಿಗೆ 45 ಮಿಲಿಗ್ರಾಂ. ನಮ್ಮ ಕರಾವಳಿಯಲ್ಲೂ ಅಂಗಳಕ್ಕೊಂದು ಬಾವಿ. ಪಕ್ಕದಲ್ಲೇ ಶೌಚಗುಂಡಿ ಇದೆಯೇ, ನೋಡಿ. ಮನೆಯಲ್ಲಿ ಎಳೆಮಗು ಇದ್ದರಂತೂ ತಡಮಾಡದೆ ಬಾವಿನೀರು ಪರೀಕ್ಷೆ ಮಾಡಿಸಿ.