ಹೆಪ್ಪು ಎಷ್ಟೇ ಒಳ್ಳೆಯದಿರಲಿ, ಹಾಲು ಹದವಾಗಿರಬೇಕು

‘ಅಮೃತ ಮಹಲ್ ಕಾವಲಿನ ಹುಲ್ಲುಗಾವಲ ಮಣ್ಣನ್ನು ಒಂದು ಗಾಡಿ ತಂದು ಹೊಲಕ್ಕೆ ಚೆಲ್ಲಿದರೆ, ಅಲ್ಲಿನ ಜೀವಾಣುಗಳು ನಮ್ಮ ಹೊಲದಲ್ಲೂ ನೆಲೆಸುತ್ತವೆಯೇ?’ ಚನ್ನರಾಯಪಟ್ಟಣ ಕಡೆಯ ಓದುಗರೊಬ್ಬರು ಕೇಳಿದ್ದಾರೆ. ಜೀವಾಮೃತಕ್ಕೆ ಬದುವಿನ ಮಣ್ಣು ಒಂದು ಹಿಡಿ ಹಾಕುವವರಿಗೆ, ಅಂಗಡಿಯಲ್ಲಿ ಜೀವಾಣು ಪ್ಯಾಕೆಟ್ ಕೊಳ್ಳುವವರಿಗೆ ಈ ಪ್ರಶ್ನೆ ಸಹಜವಾಗಿಯೇ ಬರುತ್ತದೆ.

ಉತ್ತರ ಮನೆಯ ಅಡುಗೆಕೋಣೆಯಲ್ಲೇ ಇದೆ. ಎಷ್ಟೇ ಒಳ್ಳೆಯ ಹೆಪ್ಪಾದರೂ ಕುದಿಯುವ ಹಾಲಿಗೆ ಹಾಕಿದರೆ ಸಾಯುತ್ತದೆ, ತಣ್ಣಗಿನ ಹಾಲಿಗೆ ಹಾಕಿದರೆ ಸುಮ್ಮನಿರುತ್ತದೆ. ಹಾಲು ಉಗುರುಬೆಚ್ಚಗಿದ್ದರೆ ಅರ್ಧ ಚಮಚ ಸಾಕು, ಬೆಳಗಾಗುವಷ್ಟರಲ್ಲಿ ಪಾತ್ರೆ ತುಂಬ ಗಟ್ಟಿ ಮೊಸರು. ಹೆಪ್ಪಿನ ಅಳತೆಗಿಂತ ಹಾಲಿನ ಹದ ದೊಡ್ಡದು. ಮಣ್ಣಿನ ಲೆಕ್ಕವೂ ಇದೇ.

ಇದನ್ನು ವಿಜ್ಞಾನದ ಮಾತಿನಲ್ಲಿ ಹೇಳಿದವರು ಡಚ್ಚರು. 1888ರಲ್ಲಿ ದ್ವಿದಳ ಗಿಡಗಳ ಬೇರುಗಂಟಿನಿಂದ ಸಾರಜನಕ ಹಿಡಿಯುವ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ ಬೆಳೆಸಿದ ಬೈಯರಿಂಕ್, ಸೂಕ್ಷ್ಮಜೀವಿಗಳು ಹೋಗದ ಜಾಗವೇ ಇಲ್ಲವೆಂದು ನಂಬಿದ್ದರು. ಅವು ಎಲ್ಲ ಕಡೆಯೂ ತಲುಪುತ್ತವೆ, ಯಾವುದು ಉಳಿಯಬೇಕೆಂದು ಪರಿಸರ ಆರಿಸುತ್ತದೆ ಎಂದು 1934ರಲ್ಲಿ ಬಾಸ್ ಬೆಕಿಂಗ್ ಆ ವಿಚಾರವನ್ನು ಪೂರ್ತಿ ಮಾಡಿದರು. ಎಲ್ಲ ಕಡೆಯೂ ತಲುಪುತ್ತವೆ ಎಂಬ ಮೊದಲರ್ಧವನ್ನು ಈಗ ಯಾರೂ ಅಕ್ಷರಶಃ ಒಪ್ಪುವುದಿಲ್ಲ. ಎರಡನೆಯ ಅರ್ಧಕ್ಕೆ ಮಾತ್ರ ಸಾಕ್ಷಿ ಕೂಡುತ್ತಲೇ ಇದೆ.

2006ರಲ್ಲಿ ವಿಜ್ಞಾನಿಗಳಾದ ನೋವಾ ಫಿಯರರ್ ಮತ್ತು ರಾಬರ್ಟ್ ಜಾಕ್ಸನ್ ಉತ್ತರ, ದಕ್ಷಿಣ ಅಮೆರಿಕಗಳ 98 ಮಣ್ಣಿನ ಮಾದರಿಗಳ ಡಿಎನ್‌ಎ ಪರೀಕ್ಷಿಸಿದರು. ಮರಗಿಡ, ಪ್ರಾಣಿಗಳ ವೈವಿಧ್ಯಕ್ಕೆ ಹೆಸರಾದ ಅಮೆಜಾನ್ ಕಾಡಿನ ಹುಳಿ ಮಣ್ಣಿನಲ್ಲಿ ಬ್ಯಾಕ್ಟೀರಿಯಾಗಳ ವೈವಿಧ್ಯ ಕಡಿಮೆ! ಹುಳಿಯೂ ಅಲ್ಲದ, ಕ್ಷಾರವೂ ಅಲ್ಲದ ಮಣ್ಣಿನಲ್ಲಿ ಅದು ಅತಿ ಹೆಚ್ಚು. ಬಿಸಿಲಿಗಿಂತ, ಅಕ್ಷಾಂಶಕ್ಕಿಂತ ಮಣ್ಣಿನ ರಸಸಾರವೇ (ಪಿಎಚ್) ಮೇಲುಗೈ ಪಡೆದಿತ್ತು.

ಹುಲ್ಲುಗಾವಲಿನಲ್ಲೇ ಇದನ್ನು ಕಣ್ಣಾರೆ ನೋಡಬಹುದಾದ ಜಾಗ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರ. 1856ರಲ್ಲಿ ಲಾಸ್ ಮತ್ತು ಗಿಲ್ಬರ್ಟ್ ಅಲ್ಲಿ ಒಂದೇ ಹುಲ್ಲುಗಾವಲನ್ನು ಪಟ್ಟಿಪಟ್ಟಿಯಾಗಿ ಭಾಗಮಾಡಿ ಬೇರೆಬೇರೆ ಗೊಬ್ಬರ ಹಾಕಿದರು. ಪ್ರಯೋಗ ಇಂದಿಗೂ ನಡೆಯುತ್ತಿದೆ. ಅಮೋನಿಯಂ ಸಲ್ಫೇಟ್ ಬಿದ್ದು ಸುಣ್ಣ ಬೀಳದ ಪಟ್ಟಿಗಳಲ್ಲಿ ರಸಸಾರ 4ಕ್ಕಿಂತ ಕೆಳಗಿಳಿಯಿತು. ಅಲ್ಲಿ ಎರೆಹುಳು ಅಪರೂಪ. ಸತ್ತ ಹುಲ್ಲು ಕೊಳೆಯದೆ ಚಾಪೆಯಂತೆ ನೆಲದ ಮೇಲೆ ಕೂತಿದೆ. ಪಕ್ಕದ ಪಟ್ಟಿಗಳ ಜೀವಾಣುಗಳಿಗೆ ಒಂದು ಗಾಳಿ ಬೀಸಿದರೆ ಸಾಕು, ಇಲ್ಲಿಗೆ ಬಂದುಬಿಡುತ್ತವೆ. ಬರುತ್ತಲೂ ಇವೆ, ನೆಲೆ ಸಿಗುತ್ತಿಲ್ಲ, ಅಷ್ಟೆ.

ಪ್ರಶ್ನೆ ಕೇಳಿದ ಓದುಗರ ಹಾಸನ ಜಿಲ್ಲೆಯೂ ಇಂಥ ಪಟ್ಟಿಗಳ ಸಾಲೇ. ಘಟ್ಟದಂಚಿನಿಂದ ಅರಕಲಗೂಡು, ಹೊಳೆನರಸೀಪುರ ದಾಟಿ ಚನ್ನರಾಯಪಟ್ಟಣಕ್ಕೆ ಬರುವಷ್ಟರಲ್ಲಿ ಮಳೆ ಕಡಿಮೆಯಾಗುತ್ತದೆ. ಹೆಚ್ಚು ಮಳೆ ಸುಣ್ಣದಂಶವನ್ನು ತೊಳೆದು ಮಣ್ಣನ್ನು ಹುಳಿ ಮಾಡುತ್ತದೆ. ಮಳೆ ಕಡಿಮೆಯಾದಂತೆ ಆ ತೊಳೆತವೂ ಕಡಿಮೆ. ಇದರ ಮೇಲೆ ಕಲ್ಲಿನ ವ್ಯತ್ಯಾಸ. ನುಗ್ಗೇಹಳ್ಳಿ ಶಿಲಾಪಟ್ಟಿಯ ಬೈರಾಪುರದಲ್ಲಿ ಕ್ರೋಮೈಟ್ ಗಣಿಗಾರಿಕೆಯೇ ನಡೆದಿದೆ. ಇಂಥ ಕಲ್ಲು ಕರಗಿ ಆದ ಮಣ್ಣಿನಲ್ಲಿ ಮೆಗ್ನೀಸಿಯಂ ಹೆಚ್ಚು, ಸುಣ್ಣ ಕಡಿಮೆ. ನಿಕ್ಕಲ್, ಕ್ರೋಮಿಯಂ ತಾಳಬಲ್ಲ ಜೀವಾಣುಗಳಿಗೆ ಅಲ್ಲಿ ಮೇಲುಗೈ. ಕೆಲವೇ ಮೈಲಿ ಆಚೆಯ ಕೆಂಪು ಮರಳುಮಿಶ್ರಿತ ಮಣ್ಣಿನಲ್ಲಿ ಬೇರೆಯೇ ಸಂಸಾರ.

ಕಾವಲಿನ ಬಲವಿರುವುದು ಉಳುಮೆ ಕಾಣದ ಅದರ ನೆಲದಲ್ಲಿ. ಚಿಕ್ಕದೇವರಾಜ ಒಡೆಯರ ದನಗಳ ಇಲಾಖೆಯಾದ ಬೆಣ್ಣೆ ಚಾವಡಿ ಟಿಪ್ಪುವಿನ ಕಾಲಕ್ಕೆ ಅಮೃತ ಮಹಲ್ ಆಯಿತು. ದನ ಮೇಯಲೆಂದೇ ಕಾದಿಟ್ಟ ಈ ನೆಲದಲ್ಲಿ ಹುಲ್ಲಿನ ಬೇರು ವರ್ಷ ವರ್ಷವೂ ಸತ್ತು ಇಂಗಾಲ ಕೂಡಿಡುತ್ತದೆ, ಸಗಣಿ ಅಲ್ಲೇ ಬೀಳುತ್ತದೆ. ಬೇರು ಮತ್ತು ಶಿಲೀಂಧ್ರದ ಎಳೆಗಳು ಮಣ್ಣನ್ನು ಸಣ್ಣ ಹರಳುಗಳಾಗಿ ಕಟ್ಟುತ್ತವೆ. ಹರಳಿನ ಹೊರಗೆ ಗಾಳಿ, ಒಳಗೆ ತೇವ. ಗಾಳಿ ಬೇಕಾದ, ಗಾಳಿ ಬೇಡದ ಎರಡೂ ಬಗೆಯ ಜೀವಾಣುಗಳಿಗೆ ಮನೆ. ನೇಗಿಲು, ರೋಟವೇಟರ್ ಒಡೆಯುವುದು ಈ ಮನೆಗಳನ್ನೇ.

ಹಾಗಾಗಿ ಓದುಗರಿಗೆ ನನ್ನ ಉತ್ತರ: ಮಣ್ಣು ತರಬೇಡಿ. ಹೊಲಕ್ಕೆ ಅದರಿಂದ ಹೆಚ್ಚು ದಕ್ಕದು, ಕಾವಲಿಗೆ ಮಾತ್ರ ಮೇಲ್ಮಣ್ಣಿನ ನಷ್ಟ. ಪ್ಯಾಕೆಟ್‌ಗಳೆಲ್ಲ ಮೋಸವೆಂದಲ್ಲ, ಹೊಲಕ್ಕೆ ಹೊಸದಾದ ದ್ವಿದಳ ಬೆಳೆಗೆ ಬೇಕಾದ ರೈಜೋಬಿಯಂ ಅಲ್ಲಿ ಇಲ್ಲದಿದ್ದರೆ ಬೀಜೋಪಚಾರ ನಿಜಕ್ಕೂ ಫಲ ಕೊಡುತ್ತದೆ. ಆದರೆ ಯಾವ ಮಣ್ಣಿಗಾದರೂ ಸರಿ, ಒಂದು ಲೀಟರ್ ಸುರಿದರೆ ಜೀವ ಬರುತ್ತದೆ ಎನ್ನುವ ಜಾಹೀರಾತನ್ನು ನಂಬಬೇಡಿ. ಮೊದಲು ಮಣ್ಣು ಪರೀಕ್ಷೆ ಮಾಡಿಸಿ ರಸಸಾರ ನೋಡಿ. ಹುಳಿಯಿದ್ದರೆ ಶಿಫಾರಸಿನಷ್ಟು ಕೃಷಿ ಸುಣ್ಣ ಹಾಕಿ. ಕೊಟ್ಟಿಗೆ ಗೊಬ್ಬರ, ಹಸಿರೆಲೆ ಕೊಡಿ, ಉಳುಮೆ ತಗ್ಗಿಸಿ, ನೆಲ ಬರಿದಾಗಿ ಒಣಗಲು ಬಿಡಬೇಡಿ. ನಿಮ್ಮ ಹೊಲದಲ್ಲೇ ಹದಕ್ಕಾಗಿ ಕಾದಿರುವ ಜೀವಾಣುಗಳು ಕೋಟಿಗಟ್ಟಲೆ ಇವೆ. ಅವಕ್ಕೆ ಗಾಡಿ ಬಾಡಿಗೆ ಕೊಡಬೇಕಿಲ್ಲ.