ಘಟ್ಟದ ಕಾಫಿ ತೋಟಗಳು ಹಾಳುಬಿದ್ದುದೇಕೆ?

ವಿರಾಜಪೇಟೆಯಿಂದ ಪೆರಂಬಾಡಿ ದಾಟಿ ಮಾಕುಟ್ಟದ ಕಡೆಗೆ ಇಳಿಯುವವರಿಗೆ ದಾರಿಯುದ್ದಕ್ಕೂ ಕಾಣುವುದು ಕಾಡು. ಈ ಘಟ್ಟದಲ್ಲಿ ಒಮ್ಮೆ ಕಾಫಿ ತೋಟಗಳ ಸಾಲೇ ಇತ್ತೆಂದರೆ ನಂಬುವುದು ಕಷ್ಟ.

ಕೊಡಗಿನಲ್ಲಿ ಐರೋಪ್ಯರ ಮೊದಲ ತೋಟವನ್ನು ಫೌಲರ್ ಎಂಬಾತ 1854ರಲ್ಲಿ ಮಡಿಕೇರಿಯಲ್ಲಿ ತೆರೆದ. ಸಂಪಾಜೆ ಘಟ್ಟದಲ್ಲಿ ಮಾನ್ ಎಂಬಾತನೂ, 1856ರಲ್ಲಿ ಪೆರಂಬಾಡಿ ಘಟ್ಟದಲ್ಲಿ ಡಾ. ಮ್ಯಾಕ್ಸ್‌ವೆಲ್ಲನೂ ಕಾಡು ಕಡಿಸಿದರು. ತೋಟವೆಂದರೆ ಗಿಡಗಳಷ್ಟೇ ಅಲ್ಲ. ಮೈಸೂರು ಸೀಮೆಯಿಂದ ಬಂದ ಆಳುಗಳ ಲೈನು, ಕಾಫಿ ಒಣಗಿಸುವ ಕಣ, ಉಗ್ರಾಣ, ಎತ್ತಿನ ಗಾಡಿ ಎಲ್ಲ ಸೇರಿ ಅದೊಂದು ಪುಟ್ಟ ಊರು.

ಕಾಫಿಗೆ ನೆರಳು ಬೇಡವೆಂಬುದು ಆಗಿನ ಅನೇಕ ದೊರೆಗಳ ಎಣಿಕೆ. ಮರಗಳನ್ನೆಲ್ಲ ಕಡಿದು ಸುಟ್ಟು, ಬಯಲಾದ ಇಳಿಜಾರಿನಲ್ಲಿ ಗಿಡ ನೆಟ್ಟರು. ಕಾಡಿನ ತರಗು ಕೊಳೆತ ಕಪ್ಪು ಮಣ್ಣು ಮೊದಮೊದಲು ಒಳ್ಳೆಯ ಫಸಲನ್ನೇ ಕೊಟ್ಟಿತು. ಆದರೆ ಘಟ್ಟದ ಮುಂಗಾರು ಸಾಮಾನ್ಯವಾದುದಲ್ಲ. ಎಲೆಯ ಮರೆ ಇಲ್ಲದ ನೆಲಕ್ಕೆ ಹನಿ ನೇರವಾಗಿ ಬಡಿದು, ಮೇಲ್ಮಣ್ಣು ವರ್ಷ ವರ್ಷವೂ ತೋಡು ಸೇರಿತು.

ಬಿಸಿಲು ಬಿದ್ದ ತೋಟಗಳಿಗೆ ಮತ್ತೊಂದು ಪೀಡೆ ಕಾದಿತ್ತು. 1860ರ ದಶಕದಲ್ಲಿ ಬಿಳಿ ಕಾಂಡಕೊರಕ, ಅಂದರೆ ನಮ್ಮವರು ಬೋರರ್ ಎನ್ನುವ ಹುಳು, ಕೊಡಗಿನಾದ್ಯಂತ ಹಬ್ಬಿತು. 1867ರಲ್ಲಿ ಮದರಾಸಿನ ವೈದ್ಯ ಡಾ. ಬಿಡೀ ಇದರ ತನಿಖೆಗೆ ಬಂದರು. ನೆರಳಿಲ್ಲದ ತೋಟಗಳಲ್ಲಿಯೇ ಹಾವಳಿ ಹೆಚ್ಚೆಂದು ಕಂಡು, ನೆರಳು ಮರ ಬೆಳೆಸುವಂತೆ ಅವರು ಸಲಹೆ ಮಾಡಿದರು. ಹಿಂದೆಯೇ ಎಲೆ ತುಕ್ಕು ರೋಗ ಬಂತು. ಮಣ್ಣೇ ಉಳಿಯದ ಘಟ್ಟದಲ್ಲಿ ಮರುನಾಟಿ ಯಾತರ ಮೇಲೆ? ತೋಟಗಳು ಒಂದೊಂದಾಗಿ ಪಾಳುಬಿದ್ದವು. ಕೂಲಿ ನಿಂತ ಮೇಲೆ ಲೈನುಗಳೂ ಬರಿದಾದವು.

ಪೂರ್ವದ ಬಿದಿರು ಸೀಮೆಯಲ್ಲಿಯೂ ಹುಳು ಬಿಡಲಿಲ್ಲ. ಆದರೆ ಅಲ್ಲಿ ಮಳೆ ಕಡಿಮೆ, ಇಳಿಜಾರೂ ಕಡಿಮೆ. ನೆರಳಿನಡಿ ಮತ್ತೆ ಗಿಡ ಎದ್ದಿತು. ಪಾಲಿಬೆಟ್ಟ, ಸಿದ್ದಾಪುರ, ಅಮ್ಮತ್ತಿಗಳು ಬೆಳೆದುದು ಹೀಗೆ. ಬಾಸೆಲ್ ಮಿಶನ್ನಿನ ಆನಂದರಾವ್ ಕೌಂಡಿನ್ಯರು 1855ರಲ್ಲಿ ಈ ಸೀಮೆಯಲ್ಲಿ ಕಟ್ಟಿದ ಆನಂದಪುರ ಇಂದಿಗೂ ಊರಾಗಿಯೇ ಇದೆ.

ಈಗ ನಾಟಾ ಬೆಲೆಗೆ ಮರ ಮಾರಿ, ಅರೇಬಿಕಾವನ್ನು ಬಿಸಿಲಿಗೆ ಬಿಡುವವರನ್ನು ಅಲ್ಲಲ್ಲಿ ಕಾಣುತ್ತೇವೆ. ನಾಟಾ ಹಣ ಒಮ್ಮೆ ಬರುವಂಥದು. ಕಡಿದ ಮರದ ನೆರಳು ಮರಳಲು ವರ್ಷಗಳೇ ಬೇಕು. ಬೋರರ್ ದುಂಬಿ ಹಾರುವುದು ಬೇಸಿಗೆಯ ಮಳೆ ಬೀಳುವ ಏಪ್ರಿಲ್-ಮೇ ತಿಂಗಳಲ್ಲಿ, ಮತ್ತೆ ಅಕ್ಟೋಬರಿನಿಂದಾಚೆಗೆ. ಕಾಂಡದ ಮೇಲೆ ಉಬ್ಬುಗೆರೆ ಎದ್ದು ಎಲೆ ಹಳದಿಯಾದ ಗಿಡಗಳನ್ನು ಮಾರ್ಚ್ ಮತ್ತು ಸೆಪ್ಟೆಂಬರ್ ತಿಂಗಳೊಳಗೆ ಗುರುತಿಸಿ, ಬೇರು ಸಮೇತ ಕಿತ್ತು ಸುಡಬೇಕು. ಕಿತ್ತ ಗಿಡವನ್ನು ಸೌದೆಗೆಂದು ಮನೆಯ ಹಿಂದೆ ಒಟ್ಟಿದರೆ ದುಂಬಿ ಅಲ್ಲಿಂದಲೇ ಹಾರಿ ತೋಟಕ್ಕೆ ಮರಳುತ್ತದೆ.